ಕೈ ಜೇಬಿನಲ್ಲಿರಲಿ

ನೋವಿ ಸಾದ್
6 ಮಾರ್ಚ್ 2011

ಚಿರಂಜೀವಿ ಬಿಲ್ಯಾನಾಗೆ,

ಮೊದಲು ತಪ್ಪೊಪ್ಪಿಗೆ. ಈ ಕೆಳಗೆ ಸಹಿ ಮಾಡಿರುವ ರಾಡಿವೋಯ್ ಚಿರಿಚ್ ಎಂಬ ನಾನು, ವಯಸ್ಸು ಎಪ್ಪತ್ತೊಂದು, ನಿವೃತ್ತ ಅಧ್ಯಾಪಕ, ಹಿಂದೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದವನು, ಮೊನ್ನೆ ಗುರುವಾರ ಬೆಳಗ್ಗೆ, ಯಾರ ಪ್ರಚೋದನೆಯೂ ಇಲ್ಲದೆ, ನೀನು ನಮ್ಮ ಇಡೀ ಮನೆಗೆಂದು ಪಿರೋಟಿನಿಂದ ಕಳಿಸಿದ್ದ ಸಾಸೇಜನ್ನು ಒಬ್ಬನೇ ತಿಂದು ಮುಗಿಸಿದೆ. ಘಟನೆ ನಡೆದ ಸ್ಥಳ: ಲಿಫ್ಟು. ನೆಲಮಹಡಿಯಲ್ಲಿ ಹೊರಟಾಗ ಸಾಸೇಜಿಗೆ ಎರಡು ತುದಿಗಳಿದ್ದವು. ಈ ವಯಸ್ಸಿನಲ್ಲಿ ಮೇಲೆ ಹೋಗುವ ಅವಸರವೇನು ಎಂದು ಗುಂಡಿ ಒತ್ತುತ್ತ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಕೈಯಲ್ಲಿ ದಾರವೊಂದೇ ಉಳಿದಿತ್ತು.

ಮಗಳು ಗೊರ್ದಾನಾ ಡಬ್ಬಿಯನ್ನು ಮೂಸಿ ನೋಡಿದಳು. "ಅಪ್ಪಾ, ಬೆಳ್ಳುಳ್ಳಿ ವಾಸನೆ ಬಂದಿದೆ, ಬೆಳ್ಳುಳ್ಳಿ ಬಂದಿಲ್ಲವಲ್ಲ?"

"ದಾರಿಯಲ್ಲಿ ಯಾರದ್ದೋ ಕೈವಾಡ ಇರಬೇಕಮ್ಮ."

"ಕೈವಾಡ ಅಲ್ಲ ಇದು, ಬಾಯಿವಾಡ" ಎಂದು ನನ್ನ ಮೀಸೆಯನ್ನೇ ನೋಡಿದಳು. ನೋಡಲಿ. ನಮ್ಮ ಪಿರೋಟಿನವರು ಅಂಗಿಗೆ ಇಸ್ತ್ರಿ ಹಾಕದಿದ್ದರೂ ಸಾಸೇಜಿನ ಮೇಲೆ ಬಾಟಲಿ ಉರುಳಿಸಿ ಇಸ್ತ್ರಿ ಹಾಕುವ ಜನ. ಈ ಬಯಲುಸೀಮೆಯವರಿಗೆ ಅದರ ಬೆಲೆ ಏನು ಗೊತ್ತು? ಇಲ್ಲಿ ಒಂದು ಗುಡ್ಡವಿದೆ, ಅದಕ್ಕೆ ಬೆಟ್ಟ ಎನ್ನುತ್ತಾರೆ. ನಾನು ಮರ್ಯಾದೆಗೆ ತಲೆಯಾಡಿಸುತ್ತೇನೆ.

ಇನ್ನು ನಿನ್ನ ವಿಷಯ. ವಿದ್ಯಾರ್ಥಿಗಳ ಸಮಾಜಸೇವೆಯ ಉಸ್ತುವಾರಿಯನ್ನು ಪ್ರಿನ್ಸಿಪಾಲರು ನಿನ್ನ ತಲೆಗೆ ಕಟ್ಟಿದರಂತೆ. ನಾನು ಮೂವತ್ತು ವರ್ಷ ಕೂತ ಕುರ್ಚಿ ಅದು. ಎಡಗಾಲು ಅಲ್ಲಾಡುತ್ತದೆ, ಜೋಪಾನ. 'ಏನು ಮಾಡಬೇಕು ಮೇಷ್ಟ್ರೇ' ಎಂದು ಕೇಳಿದ್ದೀಯ. ಏನೂ ಮಾಡಬಾರದು. ಈ ಕೆಲಸದಲ್ಲಿ ಕಲಿಯಬೇಕಾದ ವಿದ್ಯೆ ಅದೊಂದೇ: ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲುವುದು. ಯಾವ ಕೆಲಸ ಎಂದು ಅವರೇ ಹುಡುಕಲಿ, ಅವರೇ ಯೋಚಿಸಲಿ, ಅವರೇ ಜಗಳವಾಡಲಿ. ಏಣಿಯನ್ನು ತಪ್ಪು ಗೋಡೆಗೆ ಒರಗಿಸುತ್ತಾರೆ, ನಿಂತಿರು. ಯಾರಾದರೂ ಬೀಳುವಂತಿದ್ದರೆ ಮಾತ್ರ ಹಿಡಿ. ನೀನು ಕೈಹಾಕಿದ ಗಳಿಗೆಯಿಂದ ಅದು ನಿನ್ನ ಕೆಲಸ, ಅವರು ನಿನ್ನ ಕೂಲಿಗಳು.

ನೀನು ಹತ್ತೊಂಬತ್ತು ವರ್ಷದವಳಿದ್ದಾಗ ಶಿಶುವಿಹಾರದ ಚರಂಡಿಯನ್ನು ಮೇಲಿನ ತುದಿಯಿಂದ ಅಗೆಸಿದೆಯಲ್ಲ, ನೀರೆಲ್ಲ ಅಡುಗೆಮನೆಗೆ ನುಗ್ಗಿ ಸೌಟುಗಳು ತೇಲಿದವಲ್ಲ, ಆಗ ನಾನು ಬೇಲಿಯ ಹತ್ತಿರ ಸುಮ್ಮನೆ ನಿಂತಿದ್ದೆ. ನೀನು ನನ್ನನ್ನು ಹೂತುಹಾಕುವ ಹಾಗೆ ನೋಡಿದೆ. ಹೊಂಡ ಹೇಗೂ ಸಿದ್ಧವಿತ್ತು. ಮಾರನೆಯ ದಿನ ನೀನೇ ಸರಿಮಾಡಿದೆ. ಆ ಚರಂಡಿಯಲ್ಲೇ ಅಲ್ಲವೇ ನೀನು ಮೇಷ್ಟ್ರಾದದ್ದು?

ಬಡಾಯಿ ಎಂದುಕೊಳ್ಳಬೇಡ: ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಜೇಬಿನಿಂದ ಕೈ ತೆಗೆದವನಲ್ಲ. ಅದಕ್ಕೇ ನಮ್ಮಾಕೆ ರೂಜಾ ನನ್ನ ಪ್ಯಾಂಟುಗಳಿಗೆಲ್ಲ ಎರಡು ಪದರದ ಜೇಬು ಹೊಲಿದುಕೊಡುತ್ತಿದ್ದಳು.

ಕಾಗದವನ್ನೇ ಬರೆ, ಫೋನು ಬೇಡ. ಕಿವಿ ಕೇಳಿಸದೆ ಎಲ್ಲದಕ್ಕೂ 'ಆಗಲಿ, ಆಗಲಿ' ಎನ್ನುತ್ತೇನೆ. ಹೋದ ತಿಂಗಳು ಹೀಗೆ ಆಗಲಿ ಎಂದು ಮನೆಗೆ ಎರಡು ವ್ಯಾಕ್ಯೂಮ್ ಕ್ಲೀನರ್ ಬಂದವು.

ಇತಿ ಆರೋಪಿ,
ರಾಡಿವೋಯ್


ಪಿರೋಟ್
28 ಮಾರ್ಚ್ 2011

ಪೂಜ್ಯ ಮೇಷ್ಟ್ರಿಗೆ,

(ಪೂಜ್ಯ ಎಂದದ್ದು ವಯಸ್ಸಿಗೆ, ಲಿಫ್ಟಿನೊಳಗಿನ ನಡತೆಗಲ್ಲ.)

ಮೊದಲ ಸಭೆ ಮುಗಿಯಿತು. ಕೈ ಜೇಬಿನಲ್ಲೇ ಇತ್ತು, ಆದರೆ ನಾಲಿಗೆಗೆ ಜೇಬು ಹೊಲಿಯುವವರು ಯಾರು? ಓಗ್ನೆನ್ ಎಂಬ ಮರಗೆಲಸದ ವಿಭಾಗದ ಹುಡುಗ ಎದ್ದು ನಿಂತು ಕಡಲಾಮೆಗಳನ್ನು ಉಳಿಸೋಣ ಎಂದ.

"ಸಮುದ್ರ ಎಲ್ಲಿದೆಯಪ್ಪಾ? ಇದ್ದ ಒಂದನ್ನೂ ಐದು ವರ್ಷದ ಹಿಂದೆ ಮಾಂಟೆನೆಗ್ರೋದವರು ಬೇರೆ ದೇಶ ಮಾಡ್ಕೊಂಡು ತಗೊಂಡು ಹೋದ್ರಲ್ಲ."

"ಮೊದಲು ಆಮೆ ಪಾಸಾಗ್ಲಿ ಮೇಡಂ. ಸಮುದ್ರದ್ದು ಆಮೇಲೆ ನೋಡ್ಕೊಳ್ಳೋಣ."

ಆಮೆ ಪಾಸಾಗಲಿಲ್ಲ. ಆಮೇಲೆ ಪಾರ್ಕಿನ ಬೆಂಚುಗಳಿಗೆ ಬಣ್ಣ ಬಳಿಯುವ ಮಾತು ಬಂತು. ಹೋದ ವರ್ಷವೂ ಬಳಿದದ್ದು ಅವೇ ಬೆಂಚುಗಳಿಗೆ. ಇನ್ನೊಂದು ಪದರ ಬಿದ್ದರೆ ಕೂರುವವರ ಕಾಲು ನೆಲಕ್ಕೆ ತಾಗುವುದಿಲ್ಲ. ಆಗ ಹಿಂದಿನ ಸಾಲಿನಿಂದ ನೆವೆನಾ ಎಂಬ ಹುಡುಗಿ ಬಾಯಿಬಿಟ್ಟಳು. ನೀಶ್ ಪಟ್ಟಣದವಳು, ಎರಡನೇ ವರ್ಷ, ಅಲ್ಲಿಯ ತನಕ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಜಾಬ್ರೆಗ್ ಹಳ್ಳೀಲಿ ಹಿಮ ಕರಗಿ ಹೊಳೆ ಬಂದು ಕಾಲುಸಂಕ ಕೊಚ್ಕೊಂಡು ಹೋಗಿದೆ, ಮೇಡಂ. ಬ್ರೆಡ್ಡಿನ ವ್ಯಾನು ಈಚೆ ದಡದಲ್ಲಿ ನಿಲ್ಲುತ್ತೆ. ಅಜ್ಜಿಯರ ಮನೆಗಳು ಆಚೆ. ಒಬ್ಬರು ಅಜ್ಜಿ ಬ್ರೆಡ್ಡನ್ನ ತಲೆ ಮೇಲೆ ಇಟ್ಕೊಂಡು ಮೊಣಕಾಲುದ್ದ ನೀರಲ್ಲಿ ದಾಟ್ತಾ ಇದ್ರು."

ಬೆಂಚು, ಆಮೆ ಎರಡೂ ಮುಳುಗಿದವು. ಅವಳನ್ನೇ ಮುಂದಾಳು ಮಾಡಿದರು. ಓಗ್ನೆನ್ ನಕ್ಷೆ ಬರೆಯುತ್ತಿದ್ದಾನೆ. ದಡದ ಜಮೀನು ಮತ್ತು ಒಣಗಿಸಿಟ್ಟ ಓಕ್ ದಿಮ್ಮಿಗಳು ಸ್ತಾನಿಮೀರ್ ಎಂಬ ರೈತರವು, ಕೊಡುತ್ತೇನೆ ಎಂದಿದ್ದಾರೆ. ನೆವೆನಾಳ ಒಂದು ನಿಯಮ ನನಗೆ ಬಹಳ ಹಿಡಿಸಿತು: ಚಿಕ್ಕ ಪಿಂಚಣಿಯಲ್ಲಿ ಬದುಕುವ ಮುದುಕಿಯರಿಗೆ ನಾವು ಒಂದು ಕಡ್ಡಿಯಷ್ಟೂ ಹೊರೆಯಾಗಬಾರದು. ಬುತ್ತಿ, ನೀರು, ಕಾಫಿ ಎಲ್ಲವೂ ನಮ್ಮದೇ. ಅವರ ಮನೆಯ ಒಂದು ಲೋಟವನ್ನೂ ಎಂಜಲು ಮಾಡುವುದಿಲ್ಲ.

ಪ್ರಿನ್ಸಿಪಾಲರು ಬೇಸಿಗೆ ರಜೆಯ ಒಳಗೆ ಸಂಕ ನಿಂತಿರಬೇಕು ಎಂದಿದ್ದಾರೆ. ಇಲ್ಲವಾದರೆ ಮುಂದಿನ ವರ್ಷದಿಂದ ಸೇವೆ ಎಂದರೆ ಕಾಲೇಜಿನ ಅಂಗಳ ಗುಡಿಸುವುದು. ಪುರಸಭೆಯಲ್ಲಿರುವ ನನ್ನ ಚಿಕ್ಕಪ್ಪ ನಕ್ಕರು. "ಎರಡು ಕಾಂಕ್ರೀಟ್ ಪೈಪು, ಒಂದು ಕ್ರೇನು, ಒಂದು ಮಧ್ಯಾಹ್ನ. ಹುಡುಗ್ರು ಫೋಟೋಗೆ ನಿಂತ್ಕೊಂಡ್ರೆ ಸಾಕು." ಬೇಡ ಎಂದೆ. ಎಷ್ಟು ಕಷ್ಟಪಟ್ಟು ಬೇಡ ಎಂದೆ ಅನ್ನುವುದು ನಿಮಗೆ ಗೊತ್ತಿರಲಿ.

ನಿಮ್ಮ ಹಳೆಯ ಮನೆಯ ಮುಂದೆ ಹಾದುಬಂದೆ. ಹೊಸಬರು ಬಾಲ್ಕನಿಗೆ ಗಾಜು ಹಾಕಿಸಿದ್ದಾರೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಿಮ್ಮ ಚರಂಡಿಯ ಶಿಷ್ಯೆ,
ಬಿಲ್ಯಾನಾ


ನೋವಿ ಸಾದ್
4 ಏಪ್ರಿಲ್ 2011

ಬಿಲ್ಯಾನಾ,

ಗಾಜು ಹಾಕಿಸಿದ್ದು ಒಳ್ಳೆಯದೇ. ಅಲ್ಲಿ ಗಾಳಿ ಹೆಚ್ಚು.

ಜಾಬ್ರೆಗ್! ಆ ಹೆಸರು ಓದಿದ ಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಶಾಲೆಯ ಅಂಗಳದಲ್ಲಿ ಆ ಆಕ್ರೋಡು ಮರ ಇನ್ನೂ ಇದೆಯೇ? ಎಪ್ಪತ್ತಾರರಲ್ಲಿ ನಾವು ನಲವತ್ತು ಜನ ಅದರ ಕೆಳಗೆ ಮಲಗಿದ್ದೆವು. ಊರ ರಸ್ತೆಗೆ ಕಲ್ಲು ಹಾಸಲು ಹೋಗಿದ್ದು. ಬೆಳಗ್ಗೆ ಐದಕ್ಕೆ ಶಿಳ್ಳೆ, ಕವಾಯತು, ಹಾಡು, ಆಮೇಲೆ ಗುದ್ದಲಿ. ನಮಗೆಲ್ಲ ಒಂದೇ ಬಣ್ಣದ ಅಂಗಿ, ಒಂದೇ ಅಳತೆ. ದಪ್ಪಗಿದ್ದವರಿಗೆ ಗುಂಡಿ ಹಾಕಲು ಬರುತ್ತಿರಲಿಲ್ಲ, ಸಣ್ಣಗಿದ್ದವರು ಒಳಗೆ ತಿರುಗಿದರೂ ಅಂಗಿ ತಿರುಗುತ್ತಿರಲಿಲ್ಲ. ಹಾಡಿನಲ್ಲಿ ನಾವು ದೇಶ ಕಟ್ಟುತ್ತಿದ್ದೆವು. ಆ ದೇಶ ಈಗ ಏಳು ಚೂರಾಗಿದೆ, ರಸ್ತೆ ಮಾತ್ರ ಇದೆ ಎಂದು ಕೇಳಿದ್ದೇನೆ. ಹಾಡಿನ ಬದಲು ಕಲ್ಲು ನಂಬಬೇಕಿತ್ತು.

ಸಂಜೆ ಆ ಊರಿನ ಹೆಂಗಸರು ಬಾಗಿಲಿನಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. ಯಾರ ಮನೆಗೆ ಯಾರು ಎಂದು ಹೇಗೆ ಹಂಚಿಕೊಂಡಿರುತ್ತಿದ್ದರೋ. ನನ್ನ ಹೆಸರನ್ನು ಯಾವಾಗಲೂ ಕೊನೆಗೆ ಕೂಗುತ್ತಿದ್ದರು, ಊಟ ಮಾತ್ರ ಮೊದಲು ಬಡಿಸುತ್ತಿದ್ದರು.

ನೆವೆನಾಳ ಬುತ್ತಿಯ ನಿಯಮಕ್ಕೆ ಪೂರ್ಣಾಂಕ. ಎಂಥ ಸೂಕ್ಷ್ಮ ಮನಸ್ಸು! ನಮ್ಮ ಕಾಲದಲ್ಲಿ ಇದು ನಮಗೆ ಹೊಳೆಯಲಿಲ್ಲ. ಚಿಕ್ಕಪ್ಪನ ಕ್ರೇನು ದೂರವೇ ಇರಲಿ, ಕೈ ಜೇಬಿನಲ್ಲೇ ಇರಲಿ.

ಆಶೀರ್ವಾದಗಳೊಂದಿಗೆ, ಜೇಬುದಾರ
ರಾಡಿವೋಯ್


ಪಿರೋಟ್
23 ಮೇ 2011

ಮೇಷ್ಟ್ರೇ,

ಸಂಕ ಕಟ್ಟಲು ಹೋಗಿ ಸಂಕಟ ಕಟ್ಟಿಕೊಂಡು ಬಂದಿದ್ದೇವೆ. ಈ ಪತ್ರದಲ್ಲಿ ತಮಾಷೆ ಇಷ್ಟೇ.

ಮೊದಲ ಶನಿವಾರ ಹದಿನಾಲ್ಕು ಹುಡುಗರು ಗುದ್ದಲಿ, ಹಾರೆ ಹಿಡಿದು ಬಸ್ಸಿನಿಂದ ಇಳಿದರು. ಸ್ತಾನಿಕಾ ಎಂಬ ಅಜ್ಜಿ, ಆಚೆ ದಡದವರಿಗೆಲ್ಲ ಹಿರಿಯರು, ಲಂಗ ಎತ್ತಿ ಕಟ್ಟಿಕೊಂಡು ಹೊಳೆ ದಾಟಿ ಬಂದರು. ಅಂಗೈ ಮೇಲೆ ತಟ್ಟೆ. ತಟ್ಟೆಯಲ್ಲಿ ಸಕ್ಕರೆ ಪಾಕದ ಪ್ಲಮ್ ಹಣ್ಣಿನ ಬಟ್ಟಲು, ಚಮಚಗಳು, ತಣ್ಣೀರಿನ ಲೋಟಗಳು. ಮನೆಗೆ ಬಂದವರಿಗೆ ಮೊದಲು ಕೊಡುವ ಸಿಹಿ. ಲೋಟ ಒಂದೂ ತುಳುಕಿರಲಿಲ್ಲ.

"ಅಯ್ಯೋ, ಬೇಡ ಅಜ್ಜಿ, ಯಾಕೆ ತೊಂದರೆ ತಗೊಂಡ್ರಿ? ನಮ್ದು ನಾವೇ ತಂದಿದೀವಿ" ಎಂದಳು ನೆವೆನಾ, ನಗುನಗುತ್ತ, ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿ.

"ಒಂದು ಚಮಚ ತಗೊಳ್ಳಮ್ಮ."

"ಪರವಾಗಿಲ್ಲ ಅಜ್ಜಿ, ನಿಜವಾಗ್ಲೂ!"

ಹದಿನಾಲ್ಕು ಜನರೂ 'ಪರವಾಗಿಲ್ಲ' ಎಂದರು. ಓಗ್ನೆನ್ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಸ್ಯಾಂಡ್‌ವಿಚ್ಚನ್ನೇ ಅವರಿಗೆ ನೀಡಿದ. ಅಜ್ಜಿ ಅದನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನನಗೆ ಗೊತ್ತಾಯಿತು ಮೇಷ್ಟ್ರೇ, ಆ ಕ್ಷಣವೇ ಗೊತ್ತಾಯಿತು. ನಾನು ಒಂದು ಚಮಚ ಬಾಯಿಗಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೈ ಜೇಬಿನಲ್ಲಿತ್ತು. ಕೆಲಸ ಅವರದು, ತಪ್ಪೂ ಅವರದೇ ಆಗಲಿ ಎಂದುಕೊಂಡು ನಿಂತೆ. ಅಜ್ಜಿ ತಟ್ಟೆಯನ್ನು ಹಾಗೆಯೇ ನೀರಿನಲ್ಲಿ ವಾಪಸು ಒಯ್ದರು.

ಎರಡನೇ ಶನಿವಾರ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು, ಆದರೆ ಮನೆಯಲ್ಲಿ ಯಾರೂ ಇಲ್ಲ. ಸ್ತಾನಿಮೀರ್ ತಮ್ಮ ಓಕ್ ದಿಮ್ಮಿಗಳ ಮೇಲೆ ಕೂತಿದ್ದರು.

"ಮಾವ, ಮರ ಕೊಡ್ತೀನಿ ಅಂದಿದ್ರಿ" ಎಂದಳು ನೆವೆನಾ.

"ಅಂದಿದ್ದೆ."

"ಈಗ?"

"ಈಗ ಇದು ಒಲೆಗೆ."

"ಇಷ್ಟು ದಪ್ಪದ್ದು ಒಲೆಗಾ?"

"ಒಲೆ ದೊಡ್ಡದು."

"ನಾವು ನಿಮ್ಮ ಸಂಕಾನೇ ಕಟ್ಟೋಕೆ ಬಂದಿರೋದು, ಮಾವ!"

"ಬುತ್ತಿ ನಿಮ್ದು, ನೀರೂ ನಿಮ್ದು. ಸಂಕಾನೂ ನಿಮ್ದೇ ಆಗ್ಲಿ ಬಿಡಿ. ಎತ್ಕೊಂಡು ಹೋಗಿ ನಿಮ್ಮ ಹಾಸ್ಟೆಲ್ ಮುಂದೆ ಹಾಕ್ಕೊಳ್ಳಿ."

ಬಸ್ಸಿನಲ್ಲಿ ಹುಡುಗರೆಲ್ಲ ಹಳ್ಳಿಯವರನ್ನು ಬೈದರು. ಉಪಕಾರ ಸ್ಮರಣೆಯಿಲ್ಲದವರು, ಕಟ್ಟಿಕೊಟ್ಟರೂ ಬೇಡವಂತೆ. ನೆವೆನಾ ಬೈಯಲಿಲ್ಲ. ಮಾರನೆಯ ದಿನ ನನ್ನ ಕೋಣೆಗೆ ಬಂದು, "ಬೇರೆ ಯಾರಿಗಾದ್ರೂ ಕೊಡಿ ಮೇಡಂ. ನನಗೆ ನಕ್ಷೆ ಅರ್ಥ ಆಗುತ್ತೆ, ಜನ ಅರ್ಥ ಆಗಲ್ಲ" ಎಂದಳು.

ಚಿಕ್ಕಪ್ಪ ಮತ್ತೆ ಫೋನು ಮಾಡಿದ್ದಾರೆ. ಕ್ರೇನು ಬಿಡುವಾಗಿದೆಯಂತೆ. ಸಂಕ ಆಗುತ್ತದೆ, ಅಜ್ಜಿಯರ ಕಾಲು ಒಣಗುತ್ತದೆ. ಈ ಹುಡುಗಿ ಮಾತ್ರ ಇನ್ನೆಂದೂ ಹಿಂದಿನ ಸಾಲಿನಿಂದ ಬಾಯಿಬಿಡುವುದಿಲ್ಲ.

ನೀವು ಮೂವತ್ತು ವರ್ಷ ಮಾಡಿದಿರಿ. ಹೀಗೆ ಒಮ್ಮೆಯಾದರೂ ಆಗಿತ್ತೇ? ಆಗಿದ್ದರೆ ಏನು ಮಾಡಿದಿರಿ? ಆಗಿರದಿದ್ದರೆ ಯಾಕೆ ಆಗಲಿಲ್ಲ? ಪೂರ್ಣಾಂಕ ಕೊಟ್ಟವರು ನೀವು. ಉತ್ತರ ಬೇಕು.

ಬಿಲ್ಯಾನಾ


ಪಿರೋಟ್
6 ಜೂನ್ 2011

ಮೇಷ್ಟ್ರೇ,

ಗೊರ್ದಾನಾ ಅಕ್ಕನಿಗೆ ಫೋನು ಮಾಡಿದ್ದೆ. ಕಾಗದ ತಲುಪಿದೆಯಂತೆ. ನೀವು ಅದನ್ನು ಮಡಿಲಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತಿರುತ್ತೀರಂತೆ, ಊಟಕ್ಕೆ ಎರಡು ಸಲ ಕರೆಯಬೇಕಂತೆ. ನಾನು ಕಟುವಾಗಿ ಬರೆದೆ ಎಂದು ಬೇಸರವಾಗಿದ್ದರೆ ಕ್ಷಮಿಸಿ. ಆದರೆ ನೆವೆನಾ ಈಗ ತರಗತಿಗೂ ಬರುತ್ತಿಲ್ಲ. ಈ ವಾರ ಚಿಕ್ಕಪ್ಪನಿಗೆ ಏನಾದರೂ ಒಂದು ಹೇಳಲೇಬೇಕು.

ಬಿಲ್ಯಾನಾ


ನೋವಿ ಸಾದ್
8 ಜೂನ್ 2011

ಮಗೂ ಬಿಲ್ಯಾನಾ,

ಬೇಸರವಲ್ಲ. ನೀನು ಕೇಳಿದ್ದರಲ್ಲಿ ಮೊದಲ ಎರಡಕ್ಕೆ ಉತ್ತರ ಸುಲಭ: ಆಗಿರಲಿಲ್ಲ. ಮೂರನೆಯದನ್ನು ಹಿಡಿದುಕೊಂಡು ಕೂತುಬಿಟ್ಟೆ.

ನನ್ನ ಹುಡುಗರು ಒಮ್ಮೆಯೂ ಮುಚ್ಚಿದ ಬಾಗಿಲು ನೋಡಲಿಲ್ಲ. ನಾವು ಹೋದ ಕಡೆಯಲ್ಲೆಲ್ಲ ಮೋಬಾದ ಗದ್ದಲ ಮೊದಲೇ ಎದ್ದಿರುತ್ತಿತ್ತು. ನಿನಗೆ ಗೊತ್ತಲ್ಲ, ಒಂದು ಮನೆಯ ಹುಲ್ಲು ಕೊಯ್ಯಬೇಕಾದರೆ ಊರೆಲ್ಲ ಸೇರುತ್ತದೆ, ಕೂಲಿ ಇಲ್ಲ, ಊಟ ಉಂಟು. ಮನೆಯವರು ಹಿಂದಿನ ದಿನ ಬಾಗಿಲು ಬಾಗಿಲಿಗೆ ಹೋಗಿ ಹಣ್ಣಿನ ಸಾರಾಯಿ ರಾಕಿಯಾದ ಸೀಸೆ ಹಿಡಿದು ಕರೆಯುತ್ತಾರೆ. ಕರೆಯದೆ ಯಾರೂ ಹೋಗುವುದಿಲ್ಲ. ಹೋದವರು ಉಣ್ಣದೆ ಬರುವುದಿಲ್ಲ. ಕೆಲಸ ಮಾಡಿ ಉಣ್ಣದೆ ಹೋಗುವವರು ಇಬ್ಬರೇ: ದಿನಗೂಲಿಯವನು, ಜೈಲಿನವನು. ನಮ್ಮ ಹುಡುಗರು ಸೇವೆ ಮಾಡಲು ಹೋದರು, ಏನನ್ನೂ ಸೇವಿಸಲು ಒಪ್ಪಲಿಲ್ಲ. ಆ ಹೆಂಗಸರನ್ನು ಭಿಕ್ಷೆಯವರನ್ನಾಗಿ ಮಾಡಿ ಬಂದರು. ಪೂರ್ಣಾಂಕ ಕೊಟ್ಟ ಪಂಡಿತ ನಾನು.

ಆದರೆ ನನ್ನ ಕಾಲದಲ್ಲಿ ಹೋಗಿ ಕರೆದವರು ಯಾರು? ಕಾಲೇಜು ಕರೆದಿರಲಿಲ್ಲ, ಕಮ್ಯುನಿಸ್ಟ್ ಪಕ್ಷ ಕರೆದಿರಲಿಲ್ಲ, ನಾನಂತೂ ಜೇಬಿನಲ್ಲಿ ಕೈಯಿಟ್ಟುಕೊಂಡಿದ್ದೆ. ನಿನ್ನ ಕಾಗದ ಮಡಿಲಲ್ಲಿಟ್ಟುಕೊಂಡು ಒಂದೊಂದೇ ವರ್ಷವನ್ನು ತಿರುವಿಹಾಕಿದೆ. ರೂಜಾ ಗುರುವಾರದ ಬಸ್ಸಿಗೆ ಹೋಗುತ್ತಿದ್ದಳು. ನಾವು ಶನಿವಾರ ಯಾವ ಊರಿಗೆ ಹೊರಟಿರುತ್ತಿದ್ದೆವೋ ಆ ಊರಿಗೆ. "ಗಿಣ್ಣು ತರ್ತೀನಿ, ಅಲ್ಲಿ ಚೆನ್ನಾಗಿ ಸಿಗುತ್ತೆ" ಎನ್ನುತ್ತಿದ್ದಳು. ಚೀಲದಲ್ಲಿ ಅಪ್ಪನ ಕಾಲದ ಮರದ ಸೀಸೆ ಇರುತ್ತಿತ್ತು. ದಾರಿಯಲ್ಲಿ ನೀರು ಕುಡಿಯಲು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಗಿಣ್ಣಿಗೆ ಎಂದೂ ಬರವಿರಲಿಲ್ಲ. ಇಬ್ಬರಿಗೆ ಎಷ್ಟು ಗಿಣ್ಣು ಬೇಕು, ಬಿಲ್ಯಾನಾ?

ಅವಳು ಹೋಗಿ ಆರು ವರ್ಷವಾಯಿತು. ಕೇಳೋಣವೆಂದರೆ ಈಗ ಯಾರನ್ನು ಕೇಳಲಿ.

ಚಿಕ್ಕಪ್ಪನಿಗೆ ಹೇಳಬೇಡ. ನೆವೆನಾಗೆ ಇದನ್ನೆಲ್ಲ ವಿವರಿಸಲೂ ಬೇಡ. ವಿವರಿಸಿದರೆ ಅವಳು ನಿನ್ನ ಮಾತು ಕೇಳಿ ಕ್ಷಮೆ ಕೇಳಲು ಹೋಗುತ್ತಾಳೆ. ಆ ಅಜ್ಜಿಯರಿಗೆ ಕ್ಷಮೆ ಬೇಡ. ಅವಳ ಕೋಣೆಗೆ ಹೋಗಿ ಒಂದೇ ಪ್ರಶ್ನೆ ಕೇಳು: 'ಅವತ್ತು ನಿನ್ನನ್ನು ಕರೆದವರು ಯಾರು?' ಕೇಳಿ ಬಂದುಬಿಡು. ಜೇಬಿನ ವಿಷಯದಲ್ಲಿ ನನಗೆ ಈಗಲೂ ನಂಬಿಕೆ ಇದೆ. ಬೇರೆ ಯಾವುದರಲ್ಲಿ ಇದೆಯೋ ಗೊತ್ತಿಲ್ಲ.

ರಾಡಿವೋಯ್


ಪಿರೋಟ್
27 ಜೂನ್ 2011

ಪ್ರೀತಿಯ ಮೇಷ್ಟ್ರೇ,

ಸಂಕ ನಿಂತಿತು! ಮೊದಲಿಂದ ಹೇಳುತ್ತೇನೆ, ಕೂತುಕೊಂಡು ಓದಿ.

ಹಾಸ್ಟೆಲಿಗೆ ಹೋಗಿ ನಿಮ್ಮ ಪ್ರಶ್ನೆ ಕೇಳಿದೆ. ನೆವೆನಾ ಹೊದಿಕೆಯೊಳಗಿಂದಲೇ, "ಯಾರೂ ಕರೀಲಿಲ್ಲ, ನಾವೇ ಹೋದ್ವಿ" ಎಂದಳು. ಬಾಗಿಲು ಎಳೆದುಕೊಂಡು ಬಂದೆ. ಮೆಟ್ಟಿಲಲ್ಲಿ ಒಂದು ನಿಮಿಷ ನಿಂತೆ, ವಾಪಸು ಹೋಗಿ ಎಲ್ಲ ಹೇಳಿಬಿಡೋಣವೇ ಎಂದು. ಹೋಗಲಿಲ್ಲ.

ಆಮೇಲೆ ನಡೆದದ್ದನ್ನು ಸ್ತಾನಿಕಾ ಅಜ್ಜಿಯ ಬಾಯಿಂದಲೇ ಕೇಳಿದೆ. ಹುಡುಗಿ ಯಾರಿಗೂ ಹೇಳದೆ, ಕಾವಲುಗಾರನಿಂದ ಸೀಸೆ ಎರವಲು ತಂದು, ಅಂಗಡಿಯ ರಾಕಿಯಾ ತುಂಬಿಸಿ, ಒಬ್ಬಳೇ ಬಸ್ಸು ಹತ್ತಿದ್ದಾಳೆ. ಹೊಳೆ ದಾಟಿ ಮೊದಲ ಬಾಗಿಲು ತಟ್ಟಿದ್ದಾಳೆ. "ಅಜ್ಜಿ, ಶನಿವಾರ ನನ್ನ ಮೋಬಾ ಇದೆ. ಊಟ ನಂದು. ದಯವಿಟ್ಟು ಬರಬೇಕು."

"ಮೋಬಾ ಕರೆಯೋಕೆ ನಿಂಗೆ ಇಲ್ಲಿ ಮನೆ ಎಲ್ಲಿದೆ?"

"ಮನೆ ಇಲ್ಲ ಅಜ್ಜಿ. ಹೊಳೆ ಇದೆಯಲ್ಲ."

"ಹೊಳೆ ನಿಂದಾ?"

"ಎರಡು ಸಲ ಅದರಲ್ಲಿ ಬಿದ್ದಿದೀನಿ."

ಅಜ್ಜಿ ಸೀಸೆ ತಗೊಂಡು ಒಂದು ಗುಟುಕು ಕುಡಿದರಂತೆ. ಸ್ತಾನಿಮೀರ್ ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, "ಇದು ರಾಕಿಯಾ ಅಲ್ಲ, ಬಟ್ಟೆ ಒಗೆಯೋ ನೀರು" ಎಂದು ಮೂರನೆಯದನ್ನೂ ಕುಡಿದರಂತೆ.

ಹದಿನೆಂಟರ ಶನಿವಾರ ಶಾಲೆಯ ಅಂಗಳದ ಆಕ್ರೋಡು ಮರದ ಕೆಳಗೆ (ಇದೆ ಮೇಷ್ಟ್ರೇ, ಈಗಲೂ ಇದೆ) ನೆವೆನಾ ಕೊಪ್ಪರಿಗೆ ಏರಿಸಿದಳು. ಬಿಳಿ ಬೀನ್ಸ್ ಕಾಳಿನ ಸಾರು, ಮೂವತ್ತು ಜನಕ್ಕೆ. ಅಲ್ಲಿಯ ತನಕ ಅವಳು ಬೇಯಿಸಿದ್ದು ಮೊಟ್ಟೆಯೊಂದೇ. ಹುಡುಗರೆಲ್ಲ ಕೆಳಗೆ ಹೊಳೆಯ ದಡದಲ್ಲಿ ಗುಂಡಿ ತೋಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ. ಅವಳು ಮೇಲೆ ಓಡಿ ಬೆಂಕಿ ನೋಡುತ್ತಿದ್ದಳು, ಕೆಳಗೆ ಓಡಿ ಅಳತೆ ನೋಡುತ್ತಿದ್ದಳು. ಹತ್ತು ಗಂಟೆಗೆ ಅಜ್ಜಿಯರು ಬಂದರು. ಒಗೆದ ತಲೆವಸ್ತ್ರ, ಮಡಿಲಲ್ಲಿ ಕೈ. ಬೆಂಚಿನ ಮೇಲೆ ಸಾಲಾಗಿ ಕೂತರು, ಹೆಣ್ಣು ನೋಡಲು ಬಂದ ಬೀಗಿತ್ತಿಯರ ಹಾಗೆ. ಸ್ತಾನಿಮೀರ್ ಬರಿಗೈಯಲ್ಲಿ ಬಂದರು. ದಿಮ್ಮಿಯ ಸುದ್ದಿಯೇ ಇಲ್ಲ. ಕರೆದರು ಬಂದೆವು, ಅಷ್ಟೇ.

ಮಧ್ಯಾಹ್ನ ಮೊದಲ ಸೌಟು ಸ್ತಾನಿಕಾ ಅಜ್ಜಿಯ ತಟ್ಟೆಗೆ. ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದೇವೆ. ಅಜ್ಜಿ ಒಂದು ಚಮಚ ಬಾಯಿಗಿಟ್ಟರು. ನುಂಗಲಿಲ್ಲ, ಉಗುಳಲೂ ಇಲ್ಲ. ಕಣ್ಣಲ್ಲಿ ನೀರು ಬಂತು. ಭಾವುಕರಾದರು ಎಂದುಕೊಂಡೆ.

"ಮಗಾ, ಇದನ್ನ ಯಾರಿಗೆ ಬೇಯಿಸಿದೆ? ಕುರಿಗಾ? ಕುರೀಗೆ ನಾವು ಉಪ್ಪು ನೆಕ್ಕಿಸ್ತೀವಿ, ಆದ್ರೂ ಇಷ್ಟು ನೆಕ್ಕಿಸಲ್ಲ."

ನೆವೆನಾ ರುಚಿ ನೋಡಿ ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. "ಎರಡೇ ಎರಡು ದೊಡ್ಡ ಚಮಚ ಹಾಕಿದ್ದು! ನಮ್ಮಮ್ಮ ಫೋನಲ್ಲಿ ಹೇಳಿದಷ್ಟೇ! ಅಮ್ಮನಾಣೆ!"

ಮುಗಿಯಿತು ಎಂದುಕೊಂಡೆ, ಮೇಷ್ಟ್ರೇ. ಇದು ಎರಡನೆಯ ಸೋಲು, ಇದಾದ ಮೇಲೆ ಮೂರನೆಯದು ಇಲ್ಲ. ಬೆಂಚಿನ ಆ ತುದಿಯಲ್ಲಿ ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು. ಆಮೇಲೆ ಇಡೀ ಬೆಂಚು ಅಲುಗಾಡಿತು. ಅಜ್ಜಿ ಎದ್ದು ತಲೆವಸ್ತ್ರ ಬಿಗಿದುಕೊಂಡರು. "ಕೂತಿರೋದೇನ್ರೇ, ಏಳಿ! ಹುಡುಗ್ರು ಸತ್ತೋಗ್ತಾವೆ. ನೀನು ಆಲೂಗಡ್ಡೆ ತಾ. ನೀನು ನೀರು. ಬೇಯಿಸಿದ ಕಾಳು ಯಾರ ಮನೇಲಿದೆ?" ಒಂದು ಕೊಪ್ಪರಿಗೆ ಮೂರಾಯಿತು. ಮುಚ್ಚಿದ್ದ ಬಾಗಿಲುಗಳೆಲ್ಲ ತೆರೆದವು. ಒಂದರಿಂದ ಬ್ರೆಡ್ಡು, ಒಂದರಿಂದ ಗಿಣ್ಣು, ಒಂದರಿಂದ ಉಪ್ಪಿನಕಾಯಿ. ಉಪ್ಪಿನಕಾಯಿ ಯಾಕೆ ತಂದರೋ, ಸಾರೇ ಇತ್ತಲ್ಲ. ಓಗ್ನೆನ್ ಆರು ತಟ್ಟೆ ಉಂಡ. ಸ್ತಾನಿಮೀರ್ ನೆವೆನಾಳನ್ನು ನೋಡಿ, "ಇಂಥ ಅಡುಗೆಯೋಳು ಸಂಕಾನಾದ್ರೂ ನೆಟ್ಟಗೆ ಕಟ್ಟಲೇಬೇಕಲ್ಲ" ಎಂದು ಎದ್ದು ಹೋದರು. ವಾಪಸು ಬಂದದ್ದು ಟ್ರ್ಯಾಕ್ಟರಿನಲ್ಲಿ. ಹಿಂದೆ ದಿಮ್ಮಿಗಳು.

ಮೊನ್ನೆ ಶನಿವಾರ ಕೊನೆಯ ಹಲಗೆ ಬಿತ್ತು. ಬ್ರೆಡ್ಡಿನ ವ್ಯಾನು ಬಂದಾಗ ಸ್ತಾನಿಕಾ ಅಜ್ಜಿ ಚರ್ಚಿಗೆ ಹಾಕುವ ಜೋಡು ಹಾಕಿಕೊಂಡು ಬೇಕೆಂದೇ ನಿಧಾನ ದಾಟಿದರು. ಎಲ್ಲದಕ್ಕೂ ನೆವೆನಾಳೇ ಮುಂದಾಳು. ಮುಂದಿನ ವರ್ಷ ಪಕ್ಕದೂರಿನ ಬಾವಿ ಎಂದು ಈಗಲೇ ಸೀಸೆ ತೊಳೆದಿಟ್ಟಿದ್ದಾಳೆ. ಊರವರೆಲ್ಲ 'ಉಪ್ಪಿನ ಎಂಜಿನಿಯರ್' ಎನ್ನುತ್ತಾರೆ. ಅವಳೂ ನಗುತ್ತಾಳೆ, ಆದರೆ ಇನ್ನೂ 'ಎರಡೇ ಚಮಚ' ಎನ್ನುವುದನ್ನು ಬಿಟ್ಟಿಲ್ಲ. ಪಾಪ, ನಂಬುವವರು ಯಾರೂ ಇಲ್ಲ.

ನಾನು ಕೈ ತೆಗೆಯಲಿಲ್ಲ, ಮೇಷ್ಟ್ರೇ. ನೀವೂ. ಹುಡುಗಿ ಒಬ್ಬಳೇ ದಾಟಿದಳು.

ನಿಮ್ಮ ಹೆಮ್ಮೆಯ
ಬಿಲ್ಯಾನಾ


ನೋವಿ ಸಾದ್
4 ಜುಲೈ 2011

ಬಿಲ್ಯಾನಾ,

ನಿನ್ನ ಕಾಗದವನ್ನು ಗೊರ್ದಾನಾಗೆ ಓದಿ ಹೇಳಿದೆ, ಅಳಿಯನಿಗೆ ಓದಿ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯವರಿಗೂ ಓದಿ ಹೇಳಿದೆ. ಅವರು ಇಳಿಯಬೇಕಾದ ಮಹಡಿ ದಾಟಿಹೋಯಿತು. "ನೋಡಿ, ಇದೇ ನನ್ನ ಪದ್ಧತಿ. ಜೇಬಿನ ಪದ್ಧತಿ. ಒಂದು ಬೆರಳೂ ಸೋಕಿಸಲಿಲ್ಲ" ಎಂದು ಎದೆಯುಬ್ಬಿಸಿದೆ. 'ನೀವೂ' ಎಂದು ನೀನು ಬರೆದ ಆ ಒಂದು ಪದದ ಹತ್ತಿರ ಬಂದಾಗ ಮಾತ್ರ ಪ್ರತಿಸಲವೂ ಕೆಮ್ಮು ಬಂತು. ಗೊರ್ದಾನಾ ಔಷಧಿ ತಂದಳು. ಇದು ಔಷಧಿಗೆ ಹೋಗುವ ಕೆಮ್ಮಲ್ಲ.

ಆ ಮೋಬಾದ ವಾರ ನೀಶ್‌ನಲ್ಲಿ ಹಳೆಯ ಸಹೋದ್ಯೋಗಿಯನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟೆ. ನೋಡಿದೆ ಕೂಡ, ಹತ್ತು ನಿಮಿಷ. ಆಮೇಲೆ ಪಿರೋಟಿನ ಬಸ್ಸು ತಾನಾಗಿ ಬಂದು ಮುಂದೆ ನಿಂತರೆ ನಾನೇನು ಮಾಡಲಿ? ನೀವು ಹೋಗುವುದು ಶನಿವಾರಗಳಲ್ಲೇ ಎಂದು ಗೊತ್ತಿತ್ತಲ್ಲ, ಹದಿನೆಂಟರ ಶನಿವಾರ ಬೆಳಗ್ಗೆ ಜಾಬ್ರೆಗ್‌ನಲ್ಲಿ ಇಳಿದೆ. ಸುಮ್ಮನೆ ದೂರದಿಂದ ನೋಡಿ ಬರಲು. ನೀವೆಲ್ಲ ಕೆಳಗೆ ಹೊಳೆಯ ಹತ್ತಿರ ಇದ್ದಿರಿ. ನಿನ್ನ ದನಿ ಕೇಳಿಸಲಿಲ್ಲ, ಕೈ ಜೇಬಿನಲ್ಲಿದ್ದದ್ದು ಕಾಣಿಸಿತು. ಶಾಲೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಅಜ್ಜಿಯರು ಇನ್ನೂ ಬಂದಿರಲಿಲ್ಲ. ಮರದ ಕೆಳಗೆ ಕೊಪ್ಪರಿಗೆ ಕುದಿಯುತ್ತಿತ್ತು. ಎಲ್ಲಿ ಇಟ್ಟಿದ್ದಳು ಗೊತ್ತೇ ಆ ಹುಡುಗಿ? ರೂಜಾ ಇಡುತ್ತಿದ್ದ ಜಾಗದಲ್ಲೇ. ಬೇರಿನ ಮೂರು ಗಂಟುಗಳ ನಡುವೆ ಗಾಳಿ ಬಡಿಯುವುದಿಲ್ಲ.

ಶನಿವಾರದ ಮಧ್ಯಾಹ್ನಗಳಲ್ಲಿ ರೂಜಾ ನಮ್ಮ ಹಿಂದಿನ ಬಸ್ಸಿಗೆ ಬಂದು ಕೊಪ್ಪರಿಗೆಯ ಹತ್ತಿರ ನಿಂತಿರುತ್ತಿದ್ದಳು. ಸೌಟಿನಲ್ಲಿ ಒಂದಿಷ್ಟು ಎತ್ತಿ ನನ್ನ ಮುಂದೆ ಹಿಡಿದು, "ಉಪ್ಪು?" ಎನ್ನುತ್ತಿದ್ದಳು. "ಸರಿಯಾಗಿದೆ" ಎನ್ನುತ್ತಿದ್ದೆ. ಮೂವತ್ತು ವರ್ಷವೂ ಅದೇ ಮಾತು. ರುಚಿ ನೋಡದೆಯೇ ಹೇಳಿದ್ದೂ ಉಂಟು. ಅವತ್ತು ಸೌಟು ಹಿಡಿಯುವವರು ಇರಲಿಲ್ಲ, ನಾನೇ ಎತ್ತಿ ಬಾಯಿಗಿಟ್ಟೆ. ಪುರಸಭೆಯ ಭಾಷಣದಷ್ಟು ಸಪ್ಪೆ. ಹುಡುಗಿ ಪಾಪ ಮರೆತಿದ್ದಾಳೆ, ಅಜ್ಜಿಯರ ಮುಂದೆ ಇವಳ ಮಾನ ಹೋಗುತ್ತದೆ ಎಂದುಕೊಂಡೆ. ಅವಳು ಕೊನೆಗೆ ಹಾಕಲಿದ್ದಾಳೆ ಎನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಉಪ್ಪಿನ ಪೊಟ್ಟಣ ಪಕ್ಕದಲ್ಲೇ ಇತ್ತು. ಒಂದು ಹಿಡಿ ಹಾಕಿದೆ. ಮತ್ತೆ ರುಚಿ ನೋಡೋಣವೆಂದರೆ ಮೊದಲ ಸಲವೇ ನಾಲಿಗೆ ಸುಟ್ಟಿತ್ತು, ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಕಡೆ ಯಾರೋ ಬರುವುದು ಕಂಡಿತು. ಮೂವತ್ತು ವರ್ಷದ ನನ್ನ ಕೀರ್ತಿ ಶಾಲೆಯ ಹಿಂಗೋಡೆಯ ಸಂದಿಯಲ್ಲಿ ನುಸುಳಿ, ಮುಳ್ಳುಬೇಲಿಗೆ ಪ್ಯಾಂಟು ಸಿಕ್ಕಿಸಿಕೊಂಡು, ಹನ್ನೊಂದರ ಬಸ್ಸಿಗೆ ಓಡಿತು. ಊಟವನ್ನೂ ಮಾಡಲಿಲ್ಲ. ಕರೆಯದೆ ಹೋದವನು ನಾನು.

ನೀನು ಬರೆದದ್ದನ್ನು ಮೊದಲ ಸಲ ಓದುವಾಗ, ಅವಳು ನೆಲದ ಮೇಲೆ ಕೂತು ಅತ್ತಳು ಎಂದಲ್ಲಿ, ಮುಂದೆ ಓದಲು ಆಗಲಿಲ್ಲ. ಕೊನೆಗೆ ಒಳ್ಳೆಯದಾಯಿತು ಎನ್ನುತ್ತೀಯ. ಆಗದಿದ್ದರೆ? ಆ ಹುಡುಗಿ ಜೀವಮಾನವಿಡೀ ಅಮ್ಮನ ಮೇಲೆ ಇಟ್ಟ ಆಣೆಯನ್ನು ಯಾರೂ ನಂಬದೆ ತಿರುಗಬೇಕಿತ್ತು. ಈ ಕಾಗದವನ್ನು ಅವಳಿಗೆ ಕೊಡು. ಹಳ್ಳಿಯಲ್ಲೂ ಗಟ್ಟಿಯಾಗಿ ಓದು. ಸ್ತಾನಿಕಾ ಅಜ್ಜಿಯ ಬೆಂಚು ಇನ್ನೊಮ್ಮೆ ಅಲುಗಾಡಲಿ. ನೆವೆನಾ ಹಾಕಿದ್ದು ಎರಡೇ ಚಮಚ, ಅದಕ್ಕೆ ನಾನು ಸಾಕ್ಷಿ.

ಮೇಲೆ 'ಒಂದು ಹಿಡಿ' ಎಂದು ಬರೆದಿದ್ದೇನೆ. ಹೊಡೆದುಹಾಕಿ ಓದು. ಎರಡು ಹಿಡಿ. ಎರಡೂ ಕೈಯಲ್ಲಿ.

ಇತಿ,
ರಾಡಿವೋಯ್